ತಾಲೂಕು: ಕನ್ನಡ

“ಕನ್ನಡ ನನ್ನ ಭಾಷೆ ಸಾಹೇಬರೇ, ಊರಲ್ಲ!”

ವಿಶ್ವನಾಥಪ್ಪ ಮರಾಠಿಯಲ್ಲಿ ಕೂಗಿ ಕೌಂಟರಿನ ಮೇಲೆ ಅಂಗೈ ಬಡಿದ. ಸಂಭಾಜಿನಗರದ ಆ ಸರ್ಕಾರಿ ಆಸ್ಪತ್ರೆಯ ಗುಮಾಸ್ತ ಇಂಥವರನ್ನು ದಿನಕ್ಕೆ ಹತ್ತು ಜನ ನೋಡುತ್ತಿದ್ದ. ಉತ್ತರ ಕೊಡುವ ಬದಲು ಕಂಪ್ಯೂಟರಿನ ಪರದೆಯನ್ನು ತಿರುಗಿಸಿದ. ಅರ್ಜಿದಾರರು: ಪ್ರೇಮಾಬಾಯಿ ವಿಶ್ವನಾಥಪ್ಪ. ನ್ಯೂನತೆ: ಶ್ರವಣದೋಷ. ತಾಲೂಕು: ಕನ್ನಡ.

ಕನ್ನಡ ಎಂಬ ಹೆಸರಿನ ತಾಲೂಕು ಈ ಜಿಲ್ಲೆಯಲ್ಲಿ ನಿಜವಾಗಿಯೂ ಇದೆ. ಬೀದರ ಜಿಲ್ಲೆಯಿಂದ ಬಂದು ಇಪ್ಪತ್ತೆಂಟು ವರ್ಷ ನಾಶಿಕದ ಸಾತಪುರದ ಕಾರ್ಖಾನೆಯಲ್ಲಿ ತಗಡು ಬಡಿಯುವ ಪವರ್ ಪ್ರೆಸ್ ನಡೆಸಿದ ವಿಶ್ವನಾಥಪ್ಪ ಆ ಊರಿನ ಮುಖ ಕಂಡವನಲ್ಲ. ಆದರೂ ಅವನ ಹೆಂಡತಿಯ ಅಂಗವಿಕಲ ಕಾರ್ಡಿನ ಅರ್ಜಿ ನಾಶಿಕ ಬಿಟ್ಟು ಇಲ್ಲಿ ಬಂದು ಕೂತಿತ್ತು. ಅದು ಎಲ್ಲಿದೆಯೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಬರುವ ಸೋಮವಾರ ನಾಶಿಕದಲ್ಲಿ ಕಿವಿಯ ಮಷಿನ್ ಹಂಚುವ ಶಿಬಿರ. ತಪಾಸಣೆಯ ವರದಿ ತಂದವರಿಗಷ್ಟೇ ಮಷಿನ್. ಇವತ್ತು ಶುಕ್ರವಾರ.

“ಫಾರ್ಮ್ ತುಂಬಿದವರು ಯಾರು?”

“ಸೇವಾ ಕೇಂದ್ರದ ವಂದನಾ. ಯಾವ ಭಾಷೆ ಎಂದಳು, ಕನ್ನಡ ಎಂದೆ. ಅದನ್ನು ತಾಲೂಕಿನ ಕಾಲಮ್ಮಿಗೆ ಹಾಕಿದ್ದಾಳೆ. ಕೇಳಲು ಹೋದರೆ, ಕಾಕಾ, ನೀವೇ ಹೇಳಿದ್ದಲ್ಲವೇ ಎನ್ನುತ್ತಾಳೆ!”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಅವನು ನಾಶಿಕದಿಂದ ಇಲ್ಲಿಯವರೆಗೆ ಆರು ಸಲ ಹೇಳಿದ್ದ. ಪ್ರೇಮಾಬಾಯಿ ಆರು ಸಲವೂ ಅವನ ಬಾಯಿ ನೋಡಿ ತಲೆಯಾಡಿಸಿದ್ದಳು. ಮೂರು ವರ್ಷದ ಹಿಂದೆ ಜ್ವರ ಬಂದು ಕಿವಿ ಹೋದಮೇಲೆ ಅವಳು ಎಲ್ಲರ ಬಾಯಿ ನೋಡುತ್ತಾಳೆ. ನೋಡಿಯೇ ಮುಕ್ಕಾಲು ಮಾತು ಹಿಡಿಯುತ್ತಾಳೆ.

ಫಾರ್ಮ್ ತುಂಬಿಸಿದ ದಿನ ವಂದನಾಳ ಎದುರಿಗೇ ಅವಳು ಗಂಡನ ಮೊಣಕೈ ಜಗ್ಗಿದ್ದಳು. “ನೀ ಸುಮ್ ಕುಂದ್ರು. ನಿನಗೇನ್ ಕೇಳಸ್ತದ?” ಎಂದು ಅವನು ಗದರಿಸಿದ್ದ.

ಗುಮಾಸ್ತನಿಗೆ ಕೊನೆಗೆ ಕನಿಕರ ಬಂತು. ತಪಾಸಣೆ ಇಲ್ಲೇ ಆಗಲಿ, ತಾಲೂಕು ತಿದ್ದಲು ಬೇರೆ ಅರ್ಜಿ ಕೊಡಿ ಎಂದು ಟೋಕನ್ ಹರಿದುಕೊಟ್ಟ. ನಲವತ್ತೇಳು.

ಇಬ್ಬರೂ ಬೆಂಚಿನ ಮೇಲೆ ಕೂತರು. ಪ್ರೇಮಾಬಾಯಿ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ವಿಶ್ವನಾಥಪ್ಪನ ಸಿಟ್ಟು ಇಳಿದಿರಲಿಲ್ಲ. ಕಿವಿ ಕೇಳದ ಹೆಂಡತಿಯನ್ನು ಕರೆದುಕೊಂಡು ಕಚೇರಿ ಅಲೆಯುವವನ ಕಷ್ಟ ಅಲೆದವನಿಗೇ ಗೊತ್ತು. ಇಬ್ಬರ ಕಿವಿ ಒಬ್ಬನೇ ಆಗಬೇಕು. ಎದುರಿನವರಾದರೂ ನೆಟ್ಟಗೆ ಬಾಯಿ ಬಿಡುತ್ತಾರೆಯೇ? ಬೆಳಗ್ಗೆ ವೈಜಾಪುರದಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಗುಟ್ಕಾ ಅಗಿಯುತ್ತ ಏನೋ ಗೊಣಗಿ ಇಳಿದುಹೋದ. ಇವನು ಆರಾಮಾಗಿ ಚಹಾ ಕುಡಿಯುತ್ತಿದ್ದ. ಪ್ರೇಮಾಬಾಯಿ ಓಡಿಬಂದು ಎಳೆದೊಯ್ಯದಿದ್ದರೆ ಬಸ್ಸು ತಪ್ಪುತ್ತಿತ್ತು. ಐದೇ ನಿಮಿಷ ಎಂದು ಸ್ಪಷ್ಟವಾಗಿ ಹೇಳಲು ಏನು ರೋಗ ಆ ಮನುಷ್ಯನಿಗೆ?

ಇಲ್ಲಿನ ಮೈಕ್ ಇನ್ನೂ ಕಡೆ. ಬರೀ ಗೊರಗೊರ. ಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿ ಬದಲಾದದ್ದನ್ನು ನೋಡಿ ಪ್ರೇಮಾಬಾಯಿಯೇ ಎದ್ದು ಅವನ ತೋಳು ಹಿಡಿದಳು.

“ಇವ್ರ ಮೈಕಿಗೆ ಬೆಂಕಿ ಬೀಳ್ಲಿ,” ಎನ್ನುತ್ತ ಅವನು ಹಿಂದೆ ನಡೆದ.

ತಪಾಸಣೆಯ ಕೋಣೆಯಲ್ಲಿ ಡಾಕ್ಟರ್ ಹರಿಪ್ರಿಯಾ ಪ್ರೇಮಾಬಾಯಿಯನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಪ್ರೇಮಾಬಾಯಿ ಗುಂಡಿಯ ಮೇಲೆ ಬೆರಳಿಟ್ಟು ಕೂತಳು. ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ಒತ್ತಿರಬೇಕು. ಗಾಜಿನ ಆಚೆ ನಿಂತ ವಿಶ್ವನಾಥಪ್ಪನಿಗೆ ಸಿಟ್ಟು ಮರೆತು ಕಣ್ಣು ಹನಿಗೂಡಿತು.

“ದೋಷ ಜಾಸ್ತಿಯೇ ಇದೆ. ವರದಿ ಈಗಲೇ ಕೊಡುತ್ತೇನೆ. ಸೋಮವಾರ ಮಷಿನ್ ಸಿಗುತ್ತದೆ,” ಎಂದರು ಡಾಕ್ಟರು, ಅವಳನ್ನು ಹೊರಗೆ ಕರೆತಂದು.

“ಅವಳಿಗೆ ಎಂಥ ಸದ್ದು ಕೇಳಿಸುವುದಿಲ್ಲ ಮೇಡಂ?”

“ಕೀರಲು ಸದ್ದು ಒಂದೂ ಕೇಳಿಸುವುದಿಲ್ಲ. ಸ್ಪೀಕರಿಗೆ ಹಾಕುತ್ತೇನೆ, ನೀವೇ ಕೇಳಿ. ಮನೆಯವರಿಗೂ ಗೊತ್ತಿರಬೇಕು.” ಡಾಕ್ಟರು ಯಂತ್ರದ ಗುಂಡಿ ಒತ್ತಿದರು.

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಆಯಾ ಗುಣವತಿ ಬಟ್ಟೆ ಬಿಸಾಡಿ ಎರಡೂ ಕಿವಿ ಮುಚ್ಚಿಕೊಂಡಳು. ಪಾಪ, ತಲೆನೋವಿರಬೇಕು ಎಂದುಕೊಂಡ ವಿಶ್ವನಾಥಪ್ಪ. ಕೈಕಟ್ಟಿ ಕಾದ.

“ಹಾಕಿ ಮೇಡಂ,” ಎಂದ.

ಡಾಕ್ಟರು ಅವನ ಮುಖ ನೋಡಿದರು. ಬೆರಳು ಗುಂಡಿಯ ಮೇಲೇ ಇತ್ತು.

“ಯಾಕೆ, ಕರೆಂಟ್ ಹೋಯಿತೇ?”

ಡಾಕ್ಟರು ಬೆರಳು ತೆಗೆದರು. ಗುಣವತಿ ಕಿವಿಯಿಂದ ಕೈ ತೆಗೆದಳು. ಡಾಕ್ಟರು ಹತ್ತಿರ ಬಂದು, ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು: “ಎಷ್ಟು ವರ್ಷದಿಂದ ಹೀಗಿದೆ?”

“ಮೂರು ವರ್ಷ ಮೇಡಂ. ಅವಳಿಗೆ ಜ್ವರ ಬಂದಾಗಿನಿಂದ.”

ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. ಪ್ರೇಮಾಬಾಯಿ ಗಂಡನ ಎದುರಿಗೆ ಬಂದು ನಿಂತಳು.

“ವಂದನಾ ಕೇಳಿದ್ದು ತಾಲೂಕರಿ. ನಾ ಆಕಿ ಬಾಯಿ ನೋಡ್ಲತ್ತಿದ್ದೆ. ನೀವು ಭಾಷಾ ಹೇಳಿದ್ರಿ.”

ವಿಶ್ವನಾಥಪ್ಪ ಅವಳ ಬಾಯಿಯನ್ನೇ ನೋಡಿದ.

“ಅವತ್ತ ಹೇಳಬೇಕಂದ್ರ ನಿಮ್ಮ ಸಿಟ್ಟಿಗಿ ಹೆದರಿದ್ನಿರಿ,” ಎನ್ನುತ್ತ ಅವಳು ಚೀಲದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಬಿಡಿಸಿದಳು. ಮಡಿಕೆಗಳು ಹರಿಯುವಷ್ಟು ಹಳೆಯವು. ಅಂಥದೇ ಇನ್ನೊಂದು ಅರ್ಜಿ, ಅವಳದೇ ಅಕ್ಷರ, ತಾಲೂಕಿನ ಎದುರು ನಾಶಿಕ ಎಂದು ಸರಿಯಾಗಿ ಬರೆದಿತ್ತು.

ಅರ್ಜಿದಾರರ ಹೆಸರು: ವಿಶ್ವನಾಥಪ್ಪ.