ಏಳು ದಿನದ ಬಿಪಿ

ನರ್ಸ್ ತರನ್ನುಮ ಬಿಪಿ ಯಂತ್ರದ ಗುಂಡಿ ಒತ್ತಿ, ಅದರಲ್ಲಿ ಉಳಿದಿದ್ದ ಏಳು ದಿನದ ಅಂಕಿಗಳನ್ನು ಒಂದೊಂದಾಗಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎದುರು ಕುಳಿತ ಮಲ್ಲಿಕಮ್ಮನ ಕಣ್ಣು ಮಾತ್ರ ನೆಲುವಿನಲ್ಲಿದ್ದ ಉಪ್ಪಿನಕಾಯಿ ಭರಣಿಯ ಮೇಲಿತ್ತು. ಅತ್ತೆಯ ಬಿಪಿ ಏರಿದೆಯೆಂದು ಸೊಸೆ ದೇವಿಕಾ ಅದನ್ನು ಕೈಗೆಟುಕದಂತೆ ಅಲ್ಲಿಟ್ಟು ತಿಂಗಳಾಗಿತ್ತು. "ಒಂದು ವಾರ ದಿನಾ ನೋಡ್ಕೋರಿ, ಹದದಾಗ ಬಂದ್ರ ಆಮ್ಯಾಲ ಒಂದೀಟು ತಿನ್ನೀರಂತ" ಎಂದು ಯಂತ್ರವನ್ನು ಮನೆಯಲ್ಲೇ ಬಿಟ್ಟುಹೋದವಳು ಈ ತರನ್ನುಮಳೇ. ಇವತ್ತು ಭರಣಿ ಕೆಳಗಿಳಿಯಬೇಕಾದ ದಿನ.

"ಆಯಿ, ಕದ್ದು ಉಪ್ಪಿನಕಾಯಿ ತಿಂದೀರೇನು?"

"ಮೌನೇಶ್ವರನ ಆಣಿ, ಬಟ್ಟು ಹಚ್ಚಿಲ್ಲವ್ವ."

"ಮತ್ತ ಇದೇನ್ರಿ? ನೂರಾ ಐವತ್ತೆರಡು, ನೂರಾ ಐವತ್ತಾರು... ಒಂದು ದಿನಾನೂ ಇಳಿದಿಲ್ಲ. ಗುಳಗಿ ಹೆಚ್ಚು ಮಾಡಬೇಕಾಗ್ತದ. ಉಪ್ಪಿನಕಾಯಿ ಅಂತೂ ಮರ್ತುಬಿಡ್ರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಮಲ್ಲಿಕಮ್ಮನ ಸಿಟ್ಟು ನೆತ್ತಿಗೇರಿತು. "ನಿನ್ನ ಮಷಿನ್ ಕೆಟ್ಟದ ತಗಿ! ಅದು ನನ್ನ ಬಿಪಿನೇ ಅಲ್ಲ" ಎಂದುಬಿಟ್ಟಳು.

"ಮತ್ತ ಯಾರದ್ರಿ?"

ಮಲ್ಲಿಕಮ್ಮ ಸೆರಗಿನ ತುದಿ ಹಿಂಡುತ್ತ ಕುಳಿತಳು. ಸುಮ್ಮನಿದ್ದರೆ ಉಪ್ಪಿನಕಾಯಿ ಹೋಗುತ್ತದೆ, ಬಾಯಿಬಿಟ್ಟರೆ ಮಾನ ಹೋಗುತ್ತದೆ. ಕೊನೆಗೆ ನಾಲಿಗೆಯ ಚಪಲವೇ ಗೆದ್ದಿತು. ಸೊಸೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಅತ್ತೆ ಆಕೆ.

"ನಮ್ಮ ಮೊಮ್ಮಗಳು ಮೌನೇಶ್ವರಿದು. ದಿನಾ ಮುಂಜಾನಿ ದೇವಿಕಾ ಹತ್ತಿ ಬಿಡಿಸಾಕ ಹೋದ ಮ್ಯಾಲ ಅಕಿ ತೋಳಿಗೇ ಪಟ್ಟಿ ಕಟ್ಟೀನಿ. ಒಂಬತ್ತು ವರ್ಷದ ಕೂಸಿನ ಮೈಯಾಗ ಬಿಪಿ ಎಲ್ಲಿಂದ ಬರಬೇಕು, ನನಗ ಓದಾಕ ಬರದಿದ್ರೂ ಚೊಲೋ ನಂಬರೇ ಬರ್ತಾವ ಅಂದ್ಕೊಂಡೆ" ಎಂದವಳು ತನ್ನ ಜಾಣತನಕ್ಕೆ ತಾನೇ ಕಿಸಕ್ಕನೆ ನಕ್ಕಳು.

ತರನ್ನುಮ ನಗಲಿಲ್ಲ. "ಎಲ್ಲದಾಳ ಮೌನೇಶ್ವರಿ?"

ತಲೆನೋವೆಂದು ಇವತ್ತು ಶಾಲೆಗೆ ಹೋಗದೆ ಒಳಗೆ ಮಲಗಿದ್ದ ಹುಡುಗಿ, ಹಣೆಗೆ ಬಿಗಿದಿದ್ದ ಬಟ್ಟೆಯ ಸಮೇತ ಎದ್ದು ಬಂದಳು. ಯಂತ್ರ ಕಂಡದ್ದೇ ಅಜ್ಜಿಯ ಕಿವಿಯಲ್ಲಿ, "ಆಯಿ, ನಾ ಯಾರಿಗೂ ಹೇಳಿಲ್ಲ ನೋಡು" ಎಂದಳು.

ತರನ್ನುಮ ಅವಳ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಮೊಣಕೈಯಿಂದ ಭುಜದವರೆಗೆ ಚಹಾ ಚೆಲ್ಲಿದ ಬಣ್ಣದ ಮಚ್ಚೆಗಳು. ಹರಕೆ ಹೊತ್ತು ಪಡೆದ ಮಗು, ತಿಂಥಣಿಯ ಮೌನೇಶ್ವರ ದೇವರೇ ಬೆರಳೊತ್ತಿದ ಗುರುತು ಅವು ಎಂದು ಮಲ್ಲಿಕಮ್ಮ ಓಣಿಗೆಲ್ಲ ಹೇಳಿದ್ದಳು. ಎರಡು ವರ್ಷದ ಹಿಂದೆ ಕಲಬುರಗಿಯ ಡಾಕ್ಟರು ಅದಕ್ಕೆ ನ್ಯೂರೋಫೈಬ್ರೊಮಟೋಸಿಸ್ ಎಂಬ ಉದ್ದನೆಯ ಹೆಸರು ಬರೆದು, ವರ್ಷಕ್ಕೊಮ್ಮೆ ತಪ್ಪದೆ ಬಿಪಿ ನೋಡಿಸಿ ಎಂದಿದ್ದರು. ಅವತ್ತು ಬಸ್ಸಿನಲ್ಲಿ ಬರುವಾಗ ಮಲ್ಲಿಕಮ್ಮ ಸುರಪುರ ಬರುವತನಕ ನಕ್ಕಿದ್ದಳು. "ಹಾಲುಹಲ್ಲಿನ ಕೂಸಿಗೆ ಬಿಪಿಯಂತ! ನಾಳಿ ಮೊಣಕಾಲು ನೋವೂ ಅಂತಾನ ಅಂವ." ಆಮೇಲೆ ಯಾರೂ ನೋಡಿಸಲಿಲ್ಲ.

ಹುಡುಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ ತರನ್ನುಮ ಪಟ್ಟಿ ಕಟ್ಟಿದಳು. ಒಮ್ಮೆ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿದಳು. ಎರಡು ಸಲವೂ ನೂರೈವತ್ತರ ಮೇಲೆಯೇ.

"ಮಷಿನ್ ಕೆಟ್ಟಿಲ್ರಿ ಆಯಿ. ಇದು ದೊಡ್ಡೋರ ಪಟ್ಟಿ, ಸಣ್ಣ ತೋಳಿಗೆ ಕಟ್ಟಿದ್ರ ಇದ್ದದ್ದಕ್ಕಿಂತ ಕಡಿಮಿನೇ ತೋರಸ್ತದ. ಖರೇ ನೋಡಿದ್ರ ಇನ್ನೂ ಹೆಚ್ಚಿರಬೇಕು."

ಮಲ್ಲಿಕಮ್ಮ ಹುಡುಗಿಯ ಹಣೆಯ ಬಟ್ಟೆ ಮುಟ್ಟಿ ನೋಡಿದಳು. "ತಲಿನೋವು ಬಿಸಿಲಿಂದು ಅಂದಿದ್ದೆ ನಾ."

"ಇಂಥಾ ಮಚ್ಚಿ ಇರೋ ಕೆಲವು ಮಕ್ಕಳಿಗೆ ಮೂತ್ರಪಿಂಡಕ್ಕ ಹೋಗೋ ರಕ್ತನಾಳ ಸಣ್ಣಾಗಿ ಬಿಪಿ ಏರ್ತದ್ರಿ. ಹಂಗೇ ಬಿಟ್ರ ಕಣ್ಣಿಗೆ, ಮೆದುಳಿಗೆ ಪೆಟ್ಟು. ದೇವಿಕಾನ್ನ ಕರಸ್ರಿ, ಇವತ್ತೇ ಸುರಪುರಕ್ಕ ಹೋಗೂಣು. ಅಲ್ಲಿಂದ ಕಲಬುರಗಿಗೆ ಬರ್ದು ಕೊಡ್ತಾರ. ಅಂಜಬ್ಯಾಡ್ರಿ, ಔಷಧ ಅದ. ನಿಮ್ಮ ಕಳ್ಳಾಟದಿಂದನ ಇದು ಸಿಕ್ತು."

ಮಲ್ಲಿಕಮ್ಮನಿಗೆ ಆ ಕೊನೆಯ ಮಾತು ಕೇಳಿಸಲಿಲ್ಲ. ಅವತ್ತು ಬಸ್ಸಿನಲ್ಲಿ ನಕ್ಕ ತನ್ನ ನಗುವೇ ಕಿವಿ ತುಂಬಿತ್ತು. ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

ತರನ್ನುಮ ಪುಸ್ತಕ ತೆಗೆದಳು. ಆಗಲೇ ಬರೆದುಕೊಂಡಿದ್ದ ಅಂಕಿಗಳ ಮೇಲಿನ 'ಮಲ್ಲಿಕಮ್ಮ' ಎಂಬ ಹೆಸರನ್ನು ಹೊಡೆದು ಮೊಮ್ಮಗಳ ಹೆಸರು ಬರೆಯಲು ಪೆನ್ನು ಊರಿದಳು. ಮುದುಕಿ ಗಬಕ್ಕನೆ ಅವಳ ಮುಂಗೈ ಹಿಡಿದಳು.

"ಹೊಡಿಬ್ಯಾಡವ್ವ. ಸುಳ್ಳು ಹೇಳೀನಿ ನಾ. ಅವು ನನ್ನವ. ಏಳೂ ದಿನದ್ದು ನನ್ನ ಹೆಸರಿಗೇ ಇರ್ಲಿ. ಆ ಭರಣಿ ಈಗಿಂದೀಗ ಹೊಳಿಗೆ ಚೆಲ್ಲಿ ಬರ್ತೀನಿ."