ಮಿಕ್ಕಿದ್ದು

"ಕಲಸಿದ ಕಾಂಕ್ರೀಟೇ ಬಾಗಿಲಿಗೆ ಬಂದಿರೋವಾಗ ಸಿಮೆಂಟ್ ಮೂಟೆಗೆ ಯಾಕಮ್ಮಾ ಕಾಯ್ತೀರಾ? ಶಾಲೆ ನೆಲಕ್ಕೆ ಕಲಸಿದ್ರಲ್ಲಿ ಮಿಕ್ಕಿದ್ದು," ಎನ್ನುತ್ತ ಗುತ್ತಿಗೆದಾರ ಚನ್ನಕೇಶವ ಎತ್ತಿನ ಗಾಡಿಯ ಹಿಂಬದಿ ಹಲಗೆಗೆ ಕೈ ಹಾಕಿದ.

ಅಕ್ಕಯಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ಮುಂದಿನ ವಾರ ಚಿಂತಾಮಣಿಯಿಂದ ಮನೆಗೆ ಹೊಸ ಜೀಪು ಬರಲಿತ್ತು. ಅಂಗಳದ ದಾರಿ ಇಂದೇ ಹಾಕಿದರೆ ಅಷ್ಟರಲ್ಲಿ ಗಟ್ಟಿಯಾಗುತ್ತಿತ್ತು. ಆದರೆ 'ಮಿಕ್ಕಿದ್ದು' ಎಂಬ ಮಾತು ಚುಚ್ಚಿತು. ಶಾಲೆಯಲ್ಲಿ ಇನ್ನೂ ಮಣ್ಣಿನ ನೆಲವಿದ್ದುದನ್ನು ಅವಳು ಈಗ ತಾನೇ ಕಂಡು ಬಂದಿದ್ದಳು.

"ಊಟದ ಎಲೆ ಹಾಕೋಕ್ ಮುಂಚೇನೇ ಮಿಕ್ಕೋಯ್ತೇನಪ್ಪಾ?" ಅಕ್ಕಯಮ್ಮ ಹಲಗೆಯನ್ನು ಎರಡೂ ಕೈಗಳಿಂದ ಅದುಮಿ ಹಿಡಿದಳು. "ಮಕ್ಕಳ ಪಾಲಿನ ಮೇಲೆ ನಮ್ಮ ಜೀಪು ಓಡಲ್ಲ. ಮೂಟೆ ಸಿಗೋವರ್ಗೂ ಅದು ಬೀದೀಲೇ ನಿಲ್ಲಲಿ!"

ಚನ್ನಕೇಶವ ಹಲಗೆಯಿಂದ ಕೈ ತೆಗೆದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎತ್ತಿನ ಮೂಗುದಾರ ಹಿಡಿದು ತಾನೇ ಗಾಡಿ ತಿರುಗಿಸಿದಳು. "ನಡಿಯಪ್ಪಾ, ಗಟ್ಟಿಯಾಗೋದ್ರೊಳಗೆ ಶಾಲೆ ಮುಟ್ಟಿಸಣ!"