ಬಾಗಿಲು ಬಡಿಯುವ ದೃಶ್ಯ

ಸತ್ತವರು ಮರಳಿ ಬರುವುದು ಶುರುವಾಗಿ ಒಂಬತ್ತು ವರ್ಷಗಳಾಗಿದ್ದವು. ಅವರು ಮಾತಾಡುತ್ತಿರಲಿಲ್ಲ, ಯಾರನ್ನೂ ಕಚ್ಚುತ್ತಿರಲಿಲ್ಲ. ತಮ್ಮ ಮನೆಗೆ ನಡೆದುಬಂದು ಬಿಸಿಲಿಗೆ ಕೂರುತ್ತಿದ್ದರು. ಮನೆಯವರು ಒಲ್ಲೆವೆಂದರೆ ನಗರಸಭೆಯ ಶೆಡ್ಡಿನಲ್ಲಿ ಇರುತ್ತಿದ್ದರು.

ಗದಗಿನ ಕಾಲೇಜೊಂದರಲ್ಲಿ ಸಿನಿಮಾ ಪಾಠ ಮಾಡುವ ಶಕುಂತಲಾ ಹೊಸಮನಿ ಅಂದು ತರಗತಿಗೆ ಹಳೆಯ ಜೋಂಬಿ ಚಿತ್ರವೊಂದನ್ನು ತೋರಿಸಿದರು. ಸತ್ತವರು ಹೊರಗಿನಿಂದ ಬಾಗಿಲು ಬಡಿಯುವ ದೃಶ್ಯದಲ್ಲಿ ನಿಲ್ಲಿಸಿ, "ಸತ್ತವರ ಮುಖದ ಮ್ಯಾಲೆ ಬೆಳಕ ಬಿಟ್ಟಿಲ್ಲ, ನೋಡ್ರಿ. ಸಂಗೀತ ಇಲ್ಲ, ಬರೀ ಬಡಿಯೋ ಸಪ್ಪಳ. ಕ್ಯಾಮೆರಾ ಒಳಗಿನವರ ಜೊತಿನ ಐತಿ. ಅದಕ್ಕ ನಮಗ ಅಂಜಿಕಿ ಬರತೈತಿ," ಎಂದರು.

"ಹೊರಗ ಬಂದಾವ್ರು ಯಾರಂತ ಒಳಗಿನವ್ರು ಒಬ್ರೂ ಇಣುಕಿ ನೋಡ್ಲಿಲ್ಲಲ್ರಿ, ಮೇಡಂ?" ಎಂದಳು ವಿದ್ಯಾರ್ಥಿನಿ ರೇಷ್ಮಾ.

ಶಕುಂತಲಾ ಚಿತ್ರವನ್ನು ಮತ್ತೆ ಓಡಿಸಿದರು. ನಾಲ್ಕು ವರ್ಷಗಳ ಹಿಂದೆ ಅವರ ತಾಯಿ ಮರಳಿ ಬಂದು ಎರಡು ದಿನ ಕದ ಬಡಿದಿದ್ದರು. ಹೆದರಿದ ಶಕುಂತಲಾ ಟಿವಿಯ ಸದ್ದು ಹೆಚ್ಚಿಸಿ ಒಳಗೇ ಕುಳಿತಿದ್ದರು. ಮೂರನೆಯ ದಿನ ನಗರಸಭೆಯ ಗಾಡಿ ಬಂದು ತಾಯಿಯನ್ನು ಕರೆದೊಯ್ದಿತ್ತು.

ಪಾಠ ಮುಗಿಸಿ ಅವರು ನೇರವಾಗಿ ಶೆಡ್ಡಿಗೆ ಹೋದರು. ತಾಯಿ ಕಿಟಕಿಯ ಹತ್ತಿರ ಕೂತಿದ್ದರು. ಯಾರೋ ಹೊದಿಸಿದ ಕೌದಿ ಹೆಗಲಿನಿಂದ ಜಾರಿತ್ತು.

"ಯವ್ವಾ, ಅವತ್ತ ನನಗ ಅಂಜಿಕಿ ಆಗಿತ್ತು," ಎಂದರು ಶಕುಂತಲಾ. "ಈಗೂ ಐತಿ. ಆದ್ರೂ ನಡಿ, ಮನೀಗೆ ಹೋಗೂಣು."

ತಾಯಿ ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಶಕುಂತಲಾ ಆ ತಣ್ಣನೆಯ ಕೈ ಹಿಡಿದುಕೊಂಡು ಕಾದರು.